ಕೊಳವೆಯಲ್ಲಿ ಕಂಡ ಆನೆ

ಬೈಲಹೊಂಗಲ
೧೮ ಜನವರಿ ೧೯೧೨

ತಂಗಿ ಸುಂದರವ್ವನಿಗೆ ಅಕ್ಕ ದೇವಕ್ಕನ ಆಶೀರ್ವಾದಗಳು.

ನಿನ್ನ ರಾಯವ್ವನ ಮದುವೆ ಸವದತ್ತಿಯಲ್ಲಿ ಗೊತ್ತಾದ ಸುದ್ದಿ ನನಗೆ ನಿನ್ನಿಂದ ಬರಲಿಲ್ಲ. ಅರಳೆ ಮಾರಲು ಬಂದ ಶಟ್ಟೆಪ್ಪನಿಂದ ಬಂತು. "ತಂಗಿ ಮಗಳ ನಿಶ್ಚಯ ಆತಂತಲ್ರಿ ದೇವಕ್ಕಾರ, ಸಕ್ಕರಿ ಎಲ್ಲೈತ್ರಿ?" ಎಂದು ಕೇಳಿದ. ಮೊದಲೇ ಗೊತ್ತಿದ್ದವಳ ಹಾಗೆ ನಕ್ಕು ಅವನ ಕೈಗೆ ಸಕ್ಕರೆ ಹಾಕಿದೆ.

ಅವ್ವ ಲಿಂಗೈಕ್ಯಳಾಗಿ ನಾಲ್ಕು ವರ್ಷವಾಗುತ್ತ ಬಂತು. ಸಂಪಗಾಂವದ ತವರುಮನೆಯಲ್ಲಿ ಅಂದು ನೀನು ಆಡಿದ ಮಾತು ಇನ್ನೂ ಕಿವಿಯಲ್ಲಿದೆ. "ಅಪ್ಪನ ಪುಸ್ತಕಾನೂ ನಿನಗ, ಅವ್ವನ ಸೀರಿನೂ ನಿನಗ. ನನಗೇನ ಉಳೀತು?" ಎಂದವಳೇ ಊಟ ಮಾಡದೆ ಗಾಡಿ ಹತ್ತಿದೆ. ನಾನೂ ತಡೆಯಲಿಲ್ಲ. ಅವ್ವನ ಆ ಕಪ್ಪು ಚಂದ್ರಕಾಳಿ ಸೀರೆಯನ್ನು ಮಡಚಿ ನನ್ನ ಪೆಟ್ಟಿಗೆಯಲ್ಲಿ ಹಾಕಿಕೊಂಡೆ. ಆಮೇಲೆ ನಮ್ಮಿಬ್ಬರ ನಡುವೆ ಹಬ್ಬಕ್ಕೊಂದು ಕಾರ್ಡು, ಅಷ್ಟೇ.

ಸುದ್ದಿ ಕೇಳಿದ ಮರುದಿನ, ಸೀರೆಯನ್ನು ರಾಯವ್ವನಿಗೆ ಕಳಿಸಬೇಕೆಂದು ಪೆಟ್ಟಿಗೆ ತೆಗೆದೆ. ಹೇಗೆ ಹೇಳಲಿ? ಮಡಿಕೆ ಬಿಚ್ಚುತ್ತಲೇ ಅರಿವೆ ಒಣಗಿದ ಎಲೆಯ ಹಾಗೆ ಸೀಳಿತು. ಬೇವಿನ ಎಲೆ ಹಾಕಿಟ್ಟಿದ್ದೆ, ನುಸಿ ಮುಟ್ಟಿಲ್ಲ. ಆ ಕಪ್ಪು ಬಣ್ಣವೇ ವರ್ಷಗಳು ಕಳೆದಂತೆ ನೂಲನ್ನು ತಿನ್ನುತ್ತದೆಂದು ಇಲ್ಲಿಯ ನೇಕಾರರು ಹೇಳುತ್ತಾರೆ. ಅವ್ವನ ಕಸೂತಿ ಇರುವ ಸೆರಗು ಮಾತ್ರ ರೇಶಿಮೆ ಎಳೆಗಳ ಆಸರೆಯಿಂದ ಹೇಗೋ ನಿಂತಿದೆ. ಗಾಡಿಯ ಕುಲುಕಿಗೆ ಅದು ನಿಮ್ಮ ರಾಮದುರ್ಗ ಮುಟ್ಟುವಷ್ಟರಲ್ಲಿ ಪುಡಿಯಾದೀತು.

ಏನು ಮಾಡಲಿ, ನೀನೇ ಹೇಳು. ಒಮ್ಮೆ ಬಂದು ನೋಡುವುದಾದರೆ ಬಾ.

ನಿನ್ನ ಅಕ್ಕ,
ದೇವಕ್ಕ

—

ರಾಮದುರ್ಗ
೨ ಫೆಬ್ರವರಿ ೧೯೧೨

ಅಕ್ಕನಿಗೆ ನಮಸ್ಕಾರಗಳು.

ಪತ್ರ ಮುಟ್ಟಿತು. ಮದುವೆಯ ಸಕ್ಕರೆ ನಾನು ಕಳಿಸಬೇಕಾಗಿತ್ತು, ಕಳಿಸಲಿಲ್ಲ. ಬರಲು ಸದ್ಯ ಆಗುವುದಿಲ್ಲ, ಮನೆ ತುಂಬ ಕೆಲಸ.

ಸೀರೆ ನಿನ್ನದು. ಅದನ್ನು ಏನು ಮಾಡಬೇಕೆಂದು ನನ್ನನ್ನೇಕೆ ಕೇಳುತ್ತೀ?

ಆದರೂ ಒಂದು ಮಾತು ಬರೆಯುತ್ತೇನೆ. ರಾಯವ್ವ ತೊಟ್ಟಿಲಲ್ಲಿದ್ದಾಗಿನಿಂದ ಅಂದುಕೊಂಡಿದ್ದೆ, ಇವಳ ಮದುವೆಯ ಸೆರಗಿಗೆ ಅವ್ವನ ಆನೆಗಳನ್ನೇ ಹಾಕಬೇಕೆಂದು. ಆನೆ ಹಾಕುವುದು ಈ ಓಣಿಯ ಎಲ್ಲ ಹೆಣ್ಣುಮಕ್ಕಳಿಗೂ ಬರುತ್ತದೆ. ಅವ್ವನ ಆನೆ ಯಾರಿಗೂ ಬರುವುದಿಲ್ಲ. ಸೊಂಡಿಲೆತ್ತಿ, ಕುತ್ತಿಗೆ ಹೊರಳಿಸಿ, ಹಿಂದೆ ಬರುವ ಆನೆಯನ್ನು ನೋಡುವ ಆನೆ ಅದು. ಆ ಹೊರಳುವ ಕುತ್ತಿಗೆಗೆ ಎಳೆಗಳ ಲೆಕ್ಕ ಹೇಗಿಟ್ಟಿದ್ದಳೋ ನೆನಪಾಗುತ್ತಿಲ್ಲ. ಹಳೆಯ ಅರಿವೆಯ ಮೇಲೆ ಹಾಕಿ ಹಾಕಿ ಬಿಚ್ಚಿದೆ. ರಾಯವ್ವ ನೋಡಿ, "ಅವ್ವಾ, ಇದು ಎಮ್ಮಿ ಆಗೇತಿ" ಎಂದಳು.

ನೀನು ಓದಿದವಳು. ಎಳೆ ಎಣಿಸಿ ಕಾಗದದ ಮೇಲೆ ಬರೆದು ಕಳಿಸಬಹುದೇ? ಆಗದಿದ್ದರೆ ಬಿಡು.

ಸುಂದರವ್ವ

—

ಬೈಲಹೊಂಗಲ
೧೨ ಫೆಬ್ರವರಿ ೧೯೧೨

ತಂಗಿ ಸುಂದರವ್ವನಿಗೆ ಆಶೀರ್ವಾದಗಳು.

ಎಣಿಸಲು ಕುಳಿತೆ. ಆಗಲಿಲ್ಲ. ಕಪ್ಪು ಅರಿವೆಯಲ್ಲಿ ನೇಯ್ಗೆಯ ಕಪ್ಪು ಎಳೆಗಳನ್ನು ಹುಡುಕುವುದು ನನ್ನ ಈಗಿನ ಕಣ್ಣಿನಿಂದ ಸಾಧ್ಯವಿಲ್ಲ. ಸೂಜಿಯ ಮೊನೆಯಿಂದ ಒಂದೊಂದೇ ಬಿಡಿಸಿ ನೋಡಹೋದರೆ ಎಳೆ ಮುರಿಯುತ್ತದೆ. ಇಷ್ಟಕ್ಕೂ ನನಗೆ ಕಸೂತಿಯ ಕಣ್ಣು ಎಲ್ಲಿಂದ ಬರಬೇಕು? ಯಾವುದು ಗಾವಂತಿ, ಯಾವುದು ಮುರಗಿ ಹೊಲಿಗೆ ಎಂಬುದೇ ಗೊತ್ತಿಲ್ಲದವಳು ನಾನು. ಕೈ ಚಾಚಿದಾಗಲೆಲ್ಲ ಅವ್ವ, "ಈಕಿಗೆ ಸೂಜಿ ಬ್ಯಾಡ, ಅಪ್ಪನ ಪುಸ್ತಕ ಹಿಡದಾಳ, ಅದನ್ನ ಮಾಡ್ಲಿ" ಎನ್ನುತ್ತಿದ್ದುದು ನಿನಗೂ ನೆನಪಿರಬೇಕು.

ನಮ್ಮ ಮನೆಯವರ ಹೊಸ ಹುಚ್ಚು ನಿನಗೆ ಗೊತ್ತಿಲ್ಲ. ಕಿತ್ತೂರಿನಲ್ಲಿ ಒಬ್ಬರು ಛಾಯಾಚಿತ್ರದ ಅಂಗಡಿ ಇಟ್ಟು, ನಡೆಯದೆ ಮುಚ್ಚಿದರು. ಅವರ ಕ್ಯಾಮೆರಾವನ್ನು ಇವರು ಕೊಂಡು ತಂದಿದ್ದಾರೆ. ಕಟ್ಟಿಗೆಯ ಪೆಟ್ಟಿಗೆ, ಮುಂದೆ ಕಮ್ಮಾರನ ತಿದಿಯಂಥ ಮಡಿಕೆ, ಅದರ ತುದಿಗೆ ಗಾಜಿನ ಕಣ್ಣು. ಅರಳೆ ವ್ಯಾಪಾರ ಮುಗಿಸಿ ಬಂದವರೇ ಕರಿ ಅರಿವೆ ಹೊದ್ದು ಅದರ ಹಿಂದೆ ನಿಲ್ಲುತ್ತಾರೆ. ನಮ್ಮ ಎತ್ತು, ನಮ್ಮ ಬಾಗಿಲು, ನಮ್ಮ ನೆಂಟರು, ಎಲ್ಲರೂ ಗಾಜಿನ ಮೇಲೆ ಇಳಿದಾಗಿದೆ.

ನನ್ನ ಪೇಚಾಟ ನೋಡಿ ಇವರು ಸೆರಗಿನ ಚಿತ್ರ ತೆಗೆದರು. ಜೊತೆಗಿಟ್ಟಿದ್ದೇನೆ. ಆನೆಗಳು ಇರುವೆಗಳಂತಿವೆ. "ತಡಿ, ಇನ್ನಷ್ಟು ಹತ್ತರ ಹೋಗೂಣು" ಎಂದು ಪೆಟ್ಟಿಗೆಯನ್ನು ಮುಂದೆ ಸರಿಸಿದರೆ ಎಲ್ಲ ಮಂಜು. ಹತ್ತಿರದ ಸಣ್ಣ ವಸ್ತು ದೊಡ್ಡದಾಗಿ, ನಿಚ್ಚಳವಾಗಿ ಮೂಡಬೇಕಾದರೆ ಗಾಜಿನ ಕಣ್ಣು ಹಿಂದಿನ ಗಾಜಿನ ಫಲಕದಿಂದ ಇನ್ನೂ ದೂರ ಹೋಗಬೇಕಂತೆ. ನಮ್ಮ ತಿದಿಯೋ ಪೂರ್ತಿ ಹಿಗ್ಗಿ ನಿಂತಿದೆ. ಉದ್ದ ತಿದಿಯ ಕ್ಯಾಮೆರಾ ಮುಂಬಯಿಯಲ್ಲಿ ಸಿಗುತ್ತದೆ, ಅದು ನಮ್ಮಂಥವರ ಮಾತಲ್ಲ.

ಅದಕ್ಕೆ ಇವರು ಒಂದು ಖಾಲಿ ಚಿಮಣಿ ಎಣ್ಣೆಯ ಡಬ್ಬಿ ಹಿಡಿದು ಪೇಟೆಯ ತಗಡಿನ ಕೆಲಸದ ಪರಸಪ್ಪನ ಹತ್ತಿರ ಹೋದರು. ಗೇಣುದ್ದದ ಕೊಳವೆ ಮಾಡಿಕೊಡು, ಒಂದು ತುದಿ ಪೆಟ್ಟಿಗೆಗೆ ಕೂಡಬೇಕು, ಇನ್ನೊಂದು ತುದಿಗೆ ಕಣ್ಣು ಕೂಡಬೇಕು ಎಂದರಂತೆ.

"ಇದರಾಗ ಏನ್ ತುಂಬತೀರಿ ವೀರಪ್ಪನವರ? ಎಣ್ಣಿನೋ, ತುಪ್ಪನೋ?"

"ಏನೂ ತುಂಬೂದಿಲ್ಲೋ. ಬರೇ ಗಾಳಿ."

"ಗಾಳೀಗೆ ತಗಡಿನ ಬೆಸಿಗಿ ಯಾಕ ಬೇಕ್ರಿ?" ಎಂದು ಪರಸಪ್ಪ ಬಿದ್ದು ಬಿದ್ದು ನಕ್ಕನಂತೆ. ಆದರೂ ಮಾಡಿಕೊಡುತ್ತೇನೆಂದಿದ್ದಾನೆ.

ನೋಡೋಣ.

ದೇವಕ್ಕ

—

ರಾಮದುರ್ಗ
೨೫ ಫೆಬ್ರವರಿ ೧೯೧೨

ಅಕ್ಕನಿಗೆ ನಮಸ್ಕಾರಗಳು.

ಚಿತ್ರ ಬಂತು. ರಾಯವ್ವ ಅದನ್ನು ಮೂಗಿಗೆ ಹತ್ತಿಸಿಕೊಂಡು ನೋಡಿದಳು. "ದೊಡ್ಡವ್ವ ಇರಿವಿ ಕಳಿಸ್ಯಾಳ" ಎಂದು ಮನೆಯವರಿಗೆಲ್ಲ ತೋರಿಸಿದಳು. ಗಾಳಿ ತುಂಬಿದ ಕೊಳವೆಯ ಸಂಗತಿ ಓದಿ ನಮ್ಮ ಮನೆಯವರು ಊಟದ ನಡುವೆ ನಕ್ಕು ಕೆಮ್ಮಿ ನೀರು ಕುಡಿಯಬೇಕಾಯಿತು. ಮಾಮಾನಿಗೆ ಹೇಳು, ಗಾಳಿಯಿಂದ ಆನೆ ಬೆಳೆಯುವುದು ನಿಜವಾದರೆ ನಮ್ಮ ಆಕಳ ಕರುವನ್ನೂ ಬೈಲಹೊಂಗಲಕ್ಕೆ ಹೊಡೆದುಕೊಂಡು ಬರುತ್ತೇವೆ.

ಮದುವೆ ವೈಶಾಖದಲ್ಲಿ. ಸೆರಗು ತುಂಬಲು ನನಗೆ ಹೊತ್ತು ಬೇಕು. ಯುಗಾದಿಯ ಹೊತ್ತಿಗೂ ಆನೆಗಳು ಬಾರದಿದ್ದರೆ ಗೋಪುರ, ತುಳಸಿಕಟ್ಟೆ ಹಾಕಿ ಮುಗಿಸುತ್ತೇನೆ. ಹಾಗೆಂದು ಅವಸರ ಮಾಡಿ ಅವ್ವನ ಅರಿವೆ ಕೆಡಿಸಬೇಡಿ. ಮಾಮಾ ಕೈ ಪಳಗಿಸಿಕೊಳ್ಳಲು ನಾನು ಹಾಕಿದ ಆ ಎಮ್ಮೆಯ ಅರಿವೆ ಕಳಿಸಿದ್ದೇನೆ. ಕೊಳವೆಯ ಪರೀಕ್ಷೆ ಮೊದಲು ಅದರ ಮೇಲೆ ಆಗಲಿ.

ನಿನ್ನ ಕಣ್ಣು ಈಗ ಅಷ್ಟು ಮಂಜಾಗಿದೆಯೇ? ಯಾರೂ ಹೇಳಿರಲಿಲ್ಲ.

ಸುಂದರವ್ವ

—

ಬೈಲಹೊಂಗಲ
೧೪ ಮಾರ್ಚ್ ೧೯೧೨

ಸುಂದರಾ,

ಆನೆಗಳು ಬಂದವು! ಈ ಲಕೋಟೆಯಲ್ಲಿವೆ. ಮೊದಲು ಅವನ್ನು ನೋಡು, ಆಮೇಲೆ ಓದು.

ನೋಡಿದೆಯಾ? ಒಂದೊಂದು ಎಳೆಯೂ ಹಗ್ಗದಷ್ಟು ದಪ್ಪ. ಅವ್ವ ಸೂಜಿ ಇಳಿಸಿದ ತೂತು ಕೂಡ ಕಾಣುತ್ತದೆ. ಕ್ಯಾಮೆರಾದ ಹಿಂದಿನ ಮಬ್ಬು ಗಾಜಿನ ಮೇಲೆ ಇದು ಮೂಡಿದಾಗ ನಾನೂ ಕರಿ ಅರಿವೆಯೊಳಗೆ ತಲೆ ಹಾಕಿದ್ದೆ. ಚಿತ್ರ ತಲೆಕೆಳಗಾಗಿತ್ತು. ಆನೆಯ ಕಾಲು ಮೇಲೆ, ಅಂಬಾರಿ ಕೆಳಗೆ. ಆದರೂ ಅದು ಅವ್ವನ ಕೈ ಎಂದು ಒಮ್ಮೆಲೇ ಗುರುತು ಸಿಕ್ಕಿತು.

ಸುಲಭದಲ್ಲಿ ಬರಲಿಲ್ಲ. ಪರಸಪ್ಪನ ಕೊಳವೆ ಚೆನ್ನಾಗಿಯೇ ಕೂತಿತು, ಆದರೆ ಮೊದಲನೆಯ ಫಲಕ ತೊಳೆದು ಕಾಗದಕ್ಕೆ ಇಳಿಸಿದಾಗ ನಿನ್ನ ಎಮ್ಮೆ ಹಾಲಿನಲ್ಲಿ ಅದ್ದಿದಂತೆ ಬೆಳ್ಳಗಿತ್ತು. ಇವರು ತಲೆ ಮೇಲೆ ಕೈ ಹೊತ್ತು ಕುಳಿತರು. ನಾನು ಕೊಳವೆಯೊಳಗೆ ಇಣುಕಿದೆ. ತಗಡು ಒಳಗೆಲ್ಲ ಫಳಫಳ. "ಬೆಳಕು ಒಳಗ ಬಂದು ಕುಣ್ಯಾಕ ಹತ್ತೇತ್ರಿ, ಇದಕ್ಕ ಕಾಡಿಗಿ ಹಚ್ಚೂಣು" ಎಂದೆ. ದೀಪದ ಮಸಿಯನ್ನು ಗೋಂದಿನಲ್ಲಿ ಕಲಸಿ ಒಳಗೆಲ್ಲ ಬಳಿದೆ. ಮರುದಿನ ಎಮ್ಮೆ ಎಮ್ಮೆಯಾಗಿ ಬಂತು.

ಆಮೇಲೆ ಅವ್ವನ ಸೆರಗನ್ನು ಹಲಗೆಯ ಮೇಲೆ ಬಿಡಿಸಿ ಪಡಸಾಲೆಯ ಕಿಟಕಿಯ ಹತ್ತಿರ ನಿಲ್ಲಿಸಿದೆವು. ಕೊಳವೆ ಹಾಕಿದ ಮೇಲೆ ಬೆಳಕು ಬಹಳ ಕ್ಷೀಣ. ಕಣ್ಣಿನ ಮುಚ್ಚಳ ತೆಗೆದು ಬಹಳ ಹೊತ್ತು ಕಾಯಬೇಕು. ಅಷ್ಟರಲ್ಲಿ ಅರಳೆ ಗಾಡಿಯೊಂದು ಬೀದಿಯಲ್ಲಿ ಹಾಯ್ದರೂ ನೆಲ ನಡುಗಿ ಆನೆಗೆ ಎರಡು ಸೊಂಡಿಲು ಮೂಡುತ್ತವೆ. ಈಗ ಸುಗ್ಗಿಯ ದಿನ, ಗಾಡಿಗಳಿಗೆ ಕೊನೆಯಿಲ್ಲ. ಕಡೆಗೆ ಇವರು ಬೀದಿಗಿಳಿದು, "ಸ್ವಲ್ಪ ನಿಂದರ್ರಿ, ಆನಿ ಚಿತ್ರ ತೆಗ್ಯಾಕ ಹತ್ತೇವಿ" ಎಂದು ಗಾಡಿಯವರಿಗೆ ಕೈ ಮುಗಿದರು. ಗಾಡಿಯವರು ಇಳಿದು ಬಂದು ಅಂಗಳದಲ್ಲೆಲ್ಲ ಆನೆ ಹುಡುಕಿದರು!

ಇನ್ನೊಂದು ತೊಡಕು ಕೆಂಪಿನದು. ಈ ಫಲಕಗಳಿಗೆ ಕೆಂಪು ಕಾಣುವುದಿಲ್ಲ. ಬಿಳಿಯ ಆನೆ ಬಂತು, ಕೆಂಪು ರೇಶಿಮೆಯ ಅಂಬಾರಿ ಕಪ್ಪಿನಲ್ಲಿ ಕಪ್ಪಾಗಿ ಹೋಯಿತು. ಕಿಟಕಿಯ ಒಂದು ಬಾಗಿಲು ಮುಚ್ಚಿ ಬೆಳಕು ಪಕ್ಕದಿಂದ ಓರೆಯಾಗಿ ಬೀಳುವಂತೆ ಮಾಡಿದಾಗ ರೇಶಿಮೆ ಮಿಂಚಿ, ಎಳೆಗಳ ನೆರಳು ಬಿದ್ದು, ಅಂಬಾರಿಯೂ ಎದ್ದು ನಿಂತಿತು. ಇವರು ಅಂದು ಎರಡು ಹೋಳಿಗೆ ಹೆಚ್ಚು ತಿಂದರು.

ಒಂದು ಸಂಗತಿ ಕೇಳಬೇಕಾಗಿದೆ. ನಾಲ್ಕರಲ್ಲಿ ಮೊದಲ ಮೂರು ಆನೆಗಳ ಎಳೆಗಳ ಲೆಕ್ಕ ಅಚ್ಚು ಹೊಡೆದಂತಿದೆ. ಕೊನೆಯ ಆನೆಯನ್ನು ನೋಡು. ಬರಿಗಣ್ಣಿಗೆ ಎಲ್ಲವೂ ಒಂದೇ, ಆದರೆ ಚಿತ್ರದಲ್ಲಿ ಅದರ ಹೊಲಿಗೆ ಒಮ್ಮೆ ಬಿಗಿ, ಒಮ್ಮೆ ಸಡಿಲು. ಕುತ್ತಿಗೆಯ ಹತ್ತಿರ ಲೆಕ್ಕವೇ ತಪ್ಪಿದೆ. ಅವ್ವನಿಗೆ ಆಗ ಮೈಯಲ್ಲಿ ನೆಟ್ಟಗಿರಲಿಲ್ಲವೇ? ನಿನಗೇನಾದರೂ ಗೊತ್ತೇ?

ದೇವಕ್ಕ

—

ರಾಮದುರ್ಗ
೨೭ ಮಾರ್ಚ್ ೧೯೧೨

ಪ್ರೀತಿಯ ಅಕ್ಕನಿಗೆ,

ಯುಗಾದಿಯ ಮರುದಿನ ಆನೆಗಳು ಬಂದವು. ಬೇವು ಬೆಲ್ಲದ ಬಟ್ಟಲು ಇನ್ನೂ ಎತ್ತಿರಲಿಲ್ಲ. ನೆಲದ ಮೇಲೆ ಸಾಲಾಗಿ ಜೋಡಿಸಿ ನೋಡಿದೆ, ಕುತ್ತಿಗೆ ಹೊರಳುವ ಗುಟ್ಟು ತಿಳಿಯಿತು. ಅಲ್ಲಿ ಅವ್ವ ನೆಟ್ಟಗೆ ಹೋಗುವ ಗಾವಂತಿ ಬಿಟ್ಟು ಮುರಗಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರಿದ್ದಾಳೆ. ನನಗೆ ಇದು ಇಷ್ಟು ವರ್ಷ ಹೊಳೆಯಲಿಲ್ಲ. ಮಾಮಾನ ಗಾಳಿಗೆ ನನ್ನ ನಮಸ್ಕಾರ ತಿಳಿಸು. ಇನ್ನು ನಗುವುದಿಲ್ಲ.

ಕೊನೆಯ ಆನೆ ಅವ್ವನದಲ್ಲ ಅಕ್ಕಾ. ಅದು ನನ್ನದು.

ನೀನು ಮದುವೆಯಾಗಿ ಬೈಲಹೊಂಗಲಕ್ಕೆ ಹೋದ ವರ್ಷ ಅದು. ನಾನು ಸಣ್ಣವಳು. ಅಕ್ಕ ಬೇಕು ಎಂದು ಊಟ ಬಿಟ್ಟು ಅಳುತ್ತಿದ್ದೆನಂತೆ. ಅಪ್ಪ ಕತೆ ಹೇಳಿದರು, ಅಳು ನಿಲ್ಲಲಿಲ್ಲ. ಅವ್ವ ಆಗ ಆ ಸೆರಗು ಹಾಕುತ್ತಿದ್ದಳು. ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಸೂಜಿ ಕೈಗೆ ಕೊಟ್ಟಳು. "ಬಾ, ಅಕ್ಕನ ದಾರಿ ನೋಡೂ ಆನಿ ಹಾಕೂಣು" ಎಂದಳು. ಕೊನೆಯ ಆನೆಯ ಹಿಂದೆ ಬೇರೆ ಆನೆ ಇಲ್ಲ. ಆದರೂ ಅದು ತಿರುಗಿ ನೋಡುತ್ತದೆ. ನೀನು ಗಮನಿಸಿದ್ದೆಯೋ ಇಲ್ಲವೋ.

ಮುಗಿದ ಮೇಲೆ ಅವ್ವ ನನ್ನಿಂದ ಮಾತು ತೆಗೆದುಕೊಂಡಳು. "ಅಕ್ಕಗ ಹೇಳಬ್ಯಾಡ. ಆಕಿ ಕೇಳಿದಾಗ ನಾ ಸೂಜಿ ಕೊಡಲಿಲ್ಲ, ಮನಸಿಗೆ ಹಚ್ಕೋತಾಳ." ಹೇಳಲಿಲ್ಲ. ಸಂಪಗಾಂವದಲ್ಲಿ ಸೀರೆಗಾಗಿ ಜಗಳವಾಡಿದ ದಿನವೂ ಹೇಳಲಿಲ್ಲ. ಹೇಳಿದ್ದರೆ ನೀನು ಕೊಡುತ್ತಿದ್ದೆ ಎಂಬುದೂ ನನಗೆ ಗೊತ್ತಿತ್ತು.

ಈಗ ಗಾಜೇ ಹೇಳಿಬಿಟ್ಟಿತು. ಇನ್ನು ನಾನು ಮುಚ್ಚಿಡುವುದೇನು?

ಸುಂದರಾ

—

ರಾಮದುರ್ಗ
೨೦ ಏಪ್ರಿಲ್ ೧೯೧೨

ಅಕ್ಕಾ,

ಪತ್ರವಿಲ್ಲ. ಅರಳೆ ಸಂತೆಗೆ ಹೋಗಿಬಂದವರನ್ನು ಕೇಳಿದೆ, ನಿಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮ ಎಂದರು. ಹಾಗಾದರೆ ನನ್ನ ಮೇಲೆ ಸಿಟ್ಟು. ಬರೆಯಬಾರದಿತ್ತೇನೋ.

ಮೂರು ಆನೆಗಳಾದವು. ರಾಯವ್ವ ಈಗ ಎಮ್ಮೆ ಎನ್ನುವುದಿಲ್ಲ. ದಿನವೂ ಬಂದು ಬೆರಳಿನಿಂದ ಸವರಿ ಹೋಗುತ್ತಾಳೆ. ನಾಲ್ಕನೆಯದರ ಜಾಗ ಹಾಗೇ ಬಿಟ್ಟಿದ್ದೇನೆ. ಅದನ್ನು ಅವ್ವನ ಲೆಕ್ಕದಲ್ಲಿ ತಿದ್ದಿ ಹಾಕಲೋ, ನಾನು ತಪ್ಪಿದ ಲೆಕ್ಕದಲ್ಲೇ ಹಾಕಲೋ ತಿಳಿಯುತ್ತಿಲ್ಲ. ಬಯ್ಯುವುದಾದರೂ ಸರಿ, ನಾಲ್ಕು ಸಾಲು ಬರೆ.

ಸುಂದರಾ

—

ಬೈಲಹೊಂಗಲ
೨೬ ಏಪ್ರಿಲ್ ೧೯೧೨

ಸುಂದರಾ,

ಸಿಟ್ಟಲ್ಲ. ನಿನ್ನ ಪತ್ರ ಓದಿದ ದಿನ ಹೊಟ್ಟೆಯಲ್ಲಿ ಉರಿದದ್ದು ನಿಜ, ಸುಳ್ಳು ಹೇಳುವುದಿಲ್ಲ. ಓದು ಬೇಕೆಂದು ನಾನು ಯಾರನ್ನೂ ಕೇಳಿರಲಿಲ್ಲ. ಸೂಜಿ ಬೇಕೆಂದು ಕೇಳಿದ್ದೆ. ಅಪ್ಪ ನನಗೆ ಅಕ್ಷರ ಕಲಿಸುತ್ತಿದ್ದಾಗ ನೀವಿಬ್ಬರೂ ಒಳಗೆ ಕುಳಿತು ಬಣ್ಣದ ರೇಶಿಮೆ ಸುತ್ತುತ್ತಿದ್ದಿರಿ. ನಿಮ್ಮ ನಗು ಹೊರಗೆ ಕೇಳುತ್ತಿತ್ತು. ಅವ್ವ ಹೋದ ಮೇಲೆ ಆ ಸೀರೆಯನ್ನಾದರೂ ಬಿಡಬಾರದೆನಿಸಿತು. ಇದನ್ನು ನಾನೂ ನಿನಗೆ ಹೇಳಿರಲಿಲ್ಲ.

ಬರೆಯಲು ಕುಳಿತಾಗಲೆಲ್ಲ ಆ ಕೊನೆಯ ಆನೆಯ ಚಿತ್ರ ತೆಗೆದು ನೋಡುತ್ತಿದ್ದೆ. ನನ್ನ ದಾರಿ ನೋಡುತ್ತ ಇಷ್ಟು ವರ್ಷ ನನ್ನ ಪೆಟ್ಟಿಗೆಯಲ್ಲೇ ಮಲಗಿತ್ತಲ್ಲ! ನಾನು ಹೋದ ಮೇಲೆ ಆ ಮನೆಯಲ್ಲಿ ಯಾರಾದರೂ ಅತ್ತಿರಬಹುದೆಂದು ನನಗೆ ತಿಳಿದೇ ಇರಲಿಲ್ಲ. ಹೊಸ ಮನೆಯಲ್ಲಿ ಅಳುವವಳು ನಾನೊಬ್ಬಳೇ ಅಂದುಕೊಂಡಿದ್ದೆ.

ಇವರು ಒಂದು ದಿನ ನನ್ನ ಮುಖ ನೋಡಿ, "ಪತ್ರ ಬರೀತೀಯೋ, ಗಾಡಿ ಕಟ್ಟಲೋ?" ಎಂದರು. "ಗಾಡಿನೇ ಕಟ್ಟರಿ" ಎಂದೆ.

ನಾಲ್ಕನೆಯ ಆನೆಯನ್ನು ಮುಟ್ಟಬೇಡ. ತಪ್ಪಿದ ಲೆಕ್ಕದಲ್ಲೇ ಇರಲಿ, ಆದರೆ ನಾನು ಹಾಕುತ್ತೇನೆ. ಮದುವೆಗೆ ಎಂಟು ದಿನ ಮೊದಲೇ ಬರುತ್ತೇನೆ. ಕನ್ನಡಕ ಮಾಡಿಸಿದ್ದೇನೆ. ಸೂಜಿ ಹಿಡಿಯುವುದನ್ನು ಹೇಳಿಕೊಡು.

ದೇವಕ್ಕ

—

ಬೈಲಹೊಂಗಲ
೯ ಜೂನ್ ೧೯೧೨

ಸುಂದರಾ,

ಸುಖವಾಗಿ ಬಂದು ಮುಟ್ಟಿದೆವು, ಬರೆಯುವುದಷ್ಟೇ ತಡವಾಯಿತು. ಸವದತ್ತಿಯವರೆಗೆ ಧೂಳು, ಆಮೇಲೆ ಮಳೆ. ನೀನು ಕಟ್ಟಿಕೊಟ್ಟ ಬುತ್ತಿಯಲ್ಲಿ ಇವರು ನನಗೇನೂ ಉಳಿಸಲಿಲ್ಲ.

ಕಣ್ಣು ಮುಚ್ಚಿದರೆ ರಾಯವ್ವನೇ ಕಾಣುತ್ತಾಳೆ. ಬೀಗರ ಕಡೆಯ ಹೆಂಗಸರು ಸೆರಗು ಹಿಡಿದು ಮುಂದೆ ಹಿಂದೆ ತಿರುಗಿಸಿ ನೋಡಿದರಲ್ಲ! "ಯಾರ ಕೈಲೇ ಹಾಕಿದ್ದವ್ವಾ ಇದು?" ಎಂದು ಅವಳ ಅತ್ತೆ ಕೇಳಿದಾಗ ಹುಡುಗಿ ತಲೆ ತಗ್ಗಿಸಿಯೇ, "ಮೂರು ನಮ್ಮವ್ವಂದ್ರಿ. ಈ ಸೊಟ್ಟ ಆನಿ ನಮ್ಮ ದೊಡ್ಡವ್ವಂದ್ರಿ" ಎಂದುಬಿಟ್ಟಳು. ನೀನು ಬಾಯಿಗೆ ಸೆರಗು ಹಿಡಿದು ನಕ್ಕದ್ದನ್ನು ನಾನು ನೋಡಿದೆ. ಇರಲಿ. ಎಂಟು ದಿನ ನಿನ್ನ ಪಕ್ಕದಲ್ಲಿ ಕುಳಿತು ಬೈಸಿಕೊಂಡೆ. "ಹಂಗಲ್ಲಕ್ಕಾ, ಹಿಂದಿಂದ ಎತ್ತ" ಎಂದು ನೀನು ಅದೆಷ್ಟು ಸಲ ನನ್ನ ಬೆರಳಿಗೆ ಹೊಡೆದೆ! ಈ ವಯಸ್ಸಿನಲ್ಲಿ ಹೊಡೆಸಿಕೊಂಡು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು.

ಇಲ್ಲಿ ನಮ್ಮ ಪಡಸಾಲೆ ಈಗ ಪೇಟೆಯಾಗಿದೆ. ನಮ್ಮ ಓಣಿಯ ಪದ್ಮವ್ವ ಚಚಡಿಯ ತವರುಮನೆಯಿಂದ ತನ್ನ ಅಜ್ಜಿಯ ಕುಬಸ ತಂದಳು. ಆಮೇಲೆ ಸಂಪಗಾಂವದಿಂದ ಮಾಯವ್ವ ಒಂದು ಕುಂಚಿಗೆ ತಂದಳು. ಅದನ್ನು ತೊಟ್ಟ ಕೂಸು ಈಗ ಮೊಮ್ಮಕ್ಕಳ ಅಜ್ಜ. ಹರಿಯುವ ಮುನ್ನ ಗಾಜಿನ ಮೇಲೆ ಇಳಿಸಿಕೊಡಿ ಎನ್ನುತ್ತಾರೆ. ಇವರು ಮಬ್ಬು ಗಾಜು ನೋಡುತ್ತಾರೆ, ನಾನು ಕಿಟಕಿ ನೋಡಿಕೊಳ್ಳುತ್ತೇನೆ. ಪರಸಪ್ಪ ಇನ್ನೊಂದು ಉದ್ದನೆಯ ಕೊಳವೆ ಮಾಡಿಕೊಟ್ಟಿದ್ದಾನೆ. ಅದನ್ನು ಹಾಕಿದರೆ ಒಂದು ಹೊಲಿಗೆಯೇ ಅಂಗೈಯಷ್ಟಾಗುತ್ತದೆ.

ನಾನು ಊರಿಗೆ ಬಂದ ಮೇಲೆ ಒಬ್ಬಳೇ ಕುಳಿತು ಗಾವಂತಿಯ ಒಂದು ಸಾಲು ಹಾಕಿದೆ. ಬರಿಗಣ್ಣಿಗೆ ನೆಟ್ಟಗೆ ಕಂಡಿತು, ಹಿಗ್ಗಿದೆ. ಇವರು ಸುಮ್ಮನಿರದೆ ಕೊಳವೆ ಹಾಕಿ ಅದರ ಚಿತ್ರ ತೆಗೆದರು. ಹೊಲದ ಬದುವಿನಷ್ಟು ಡೊಂಕು! ಅದನ್ನೇ ಇದರ ಜೊತೆ ಕಳಿಸಿದ್ದೇನೆ. ಎಲ್ಲೆಲ್ಲಿ ತಪ್ಪಿದ್ದೇನೆ ಎಂದು ಅದರ ಮೇಲೆಯೇ ಗುರುತು ಮಾಡಿ ಹಿಂದಕ್ಕೆ ಕಳಿಸು. ಅಪ್ಪ ನನ್ನ ಅಕ್ಷರ ತಿದ್ದಿದ ಹಾಗೆ ಬೇಡ, ಅವರು ಬಹಳ ಮೆತ್ತಗೆ ತಿದ್ದುತ್ತಿದ್ದರು. ಅವ್ವ ನಿನ್ನನ್ನು ತಿದ್ದಿದ ಹಾಗೆ ತಿದ್ದು.

ನಿನ್ನ ಅಕ್ಕ,
ದೇವಕ್ಕ